ಆಯಿಯನ್ನು ನಾನೊಬ್ಬನೇ ನೋಡಿಕೊಳ್ಳುತ್ತಿದ್ದೇನೆ, ಯಾರ ಹತ್ತಿರ ಏನಂತ ಕೇಳಲಿ?

ಪ್ರಶ್ನೆ: ನನಗೆ 46 ವರ್ಷ. ಸಿರಸಿ ತಾಲೂಕಿನ ಹಳ್ಳಿಯಲ್ಲಿ ಅಡಿಕೆ ತೋಟ ಇದೆ. ಮದುವೆ ಆಗಿಲ್ಲ. ಪಾರ್ಶ್ವವಾಯು ಹೊಡೆದು ಆಯಿಯ (ಅಮ್ಮನ) ಎಡಗೈ, ಎಡಗಾಲು ಸ್ವಾಧೀನ ತಪ್ಪಿವೆ. ಅಣ್ಣ ಬೆಂಗಳೂರಿನಲ್ಲಿದ್ದಾನೆ. ಸ್ನಾನ, ಊಟ, ಬಟ್ಟೆ, ಕಕ್ಕಸು ಎಲ್ಲ ನಾನೇ ಮಾಡಿಸುತ್ತೇನೆ. ಆಯಿಗೂ ಮುಜುಗರ, ನನಗೂ ಮುಜುಗರ. ಇತ್ತೀಚೆಗೆ ಸಿಟ್ಟು ಜಾಸ್ತಿ ಆಗಿದೆ. ಯಾರ ಹತ್ತಿರ ಸಹಾಯ ಕೇಳಬೇಕು, ಏನಂತ ಕೇಳಬೇಕು ಗೊತ್ತಾಗುತ್ತಿಲ್ಲ.

ಉತ್ತರ: ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಕುಮಟಾ ಕಡೆಯಿಂದ ಬಂದರೆ ಹೆಂಡತಿಯ ಪಾರ್ಕಿನ್ಸನ್ ಬಗ್ಗೆ, ಕಾರವಾರದಿಂದ ಬಂದರೆ ಅಪ್ಪನ ಮರೆವಿನ ಕಾಯಿಲೆ ಬಗ್ಗೆ. ಕೇಳುವವರು ಗಂಡಸರು. ಮೊದಲ ಸಾಲಿನಲ್ಲೇ ‘ನಾನೊಬ್ಬನೇ’ ಅಂತ ಇರುತ್ತದೆ.

ನಾನೂ ನಾಲ್ಕು ವರ್ಷ ಆಯಿಯನ್ನು ನೋಡಿಕೊಂಡವನು. ಅವಳಿಗೂ ಎಡಭಾಗವೇ ಹೋಗಿತ್ತು. ಹಾಗಾಗಿ ಕೆಲವು ವಿಷಯ ಅನುಭವದಿಂದ ಹೇಳುತ್ತೇನೆ, ಕೆಲವು ಆಮೇಲೆ ಕೇಳಿ ತಿಳಿದದ್ದು.

ಮೊದಲು ‘ಒಬ್ಬನೇ’ ಅನ್ನೋ ಮಾತು. ಕೇಂದ್ರ ಸರ್ಕಾರ 2024ರಲ್ಲಿ ಸಮಯ ಬಳಕೆ ಸಮೀಕ್ಷೆ ಮಾಡಿತ್ತು. 15ರಿಂದ 59 ವರ್ಷದ ಹೆಂಗಸರಲ್ಲಿ ಶೇ. 41 ಮಂದಿ ಮನೆಯವರ ಆರೈಕೆ ಮಾಡುತ್ತಾರೆ. ಗಂಡಸರಲ್ಲಿ ಶೇ. 21.4. ಇದರಲ್ಲಿ ಮಕ್ಕಳನ್ನು ನೋಡಿಕೊಳ್ಳುವುದೂ ಸೇರಿದೆ. ಹೆಂಗಸರ ಮೇಲೆ ಹೊರೆ ಜಾಸ್ತಿ, ಅದು ನಿಜ. ಆದರೆ ಐದು ಗಂಡಸರಲ್ಲಿ ಒಬ್ಬ ಈ ಕೆಲಸ ಮಾಡುತ್ತಿದ್ದಾನೆ ಅನ್ನೋದೂ ನಿಜ. ನಮ್ಮ ಕಡೆ ಇದನ್ನು ಕಣ್ಣಾರೆ ನೋಡಬಹುದು. ತೋಟ ನಂಬಿ ಊರಲ್ಲೇ ಉಳಿದ, ಹೆಣ್ಣು ಸಿಗದೆ ನಲವತ್ತು ದಾಟಿದ ಹುಡುಗರು ಎಷ್ಟು ಜನ ಇದ್ದಾರೆ! ಅಪ್ಪ, ಆಯಿ ಹಾಸಿಗೆ ಹಿಡಿದರೆ ಮನೆಯಲ್ಲಿರುವ ಕೈ ಅದೊಂದೇ. ಮಕ್ಕಳೆಲ್ಲ ಬೆಂಗಳೂರು ಸೇರಿದ ಮನೆಗಳಲ್ಲಿ ಎಪ್ಪತ್ತೈದರ ಗಂಡ ಎಪ್ಪತ್ತರ ಹೆಂಡತಿಯನ್ನು ಎತ್ತಿ ಕೂರಿಸುತ್ತಾನೆ. ಇದು ಯಾರ ಬಾಯಲ್ಲೂ ಬರುವುದಿಲ್ಲ, ಅಷ್ಟೇ. ಬಂದರೂ ‘ಪಾಪ, ಸೊಸೆ ಇದ್ದಿದ್ರೆ ನೋಡ್ಕೊಳ್ತಿದ್ಲು’ ಅನ್ನೋ ಮಾತು ಬರುತ್ತದೆ. ಆ ಮಾತು ಕೇಳಿದಾಗೆಲ್ಲ ನನಗೆ ಸಂಕಟ ಆಗುತ್ತಿತ್ತು. ನಾನು ಮಾಡುತ್ತಿದ್ದದ್ದು ಬಾರದ ಸೊಸೆಯ ಕೆಲಸ ಆಗಿರಲಿಲ್ಲ. ನನ್ನ ಆಯಿಯ ಕೆಲಸ ಆಗಿತ್ತು.

ಇನ್ನು ಕಲಿಯುವ ವಿಷಯ. ಗಂಡಸರಿಗೆ ಇದನ್ನು ಯಾರೂ ಕಲಿಸುವುದಿಲ್ಲ. ಆಸ್ಪತ್ರೆಯಿಂದ ಬಿಡುಗಡೆ ಮಾಡುವ ದಿನ ನರ್ಸ್ ಬಂದು ಮಗ್ಗುಲು ಬದಲಿಸುವುದು, ಬಟ್ಟೆ ಹಾಕುವುದು ಎಲ್ಲವನ್ನೂ ಚೆನ್ನಾಗಿ ತೋರಿಸಿಕೊಟ್ಟರು. ತೋರಿಸಿದ್ದು ನನ್ನ ಅತ್ತಿಗೆಗೆ. ನಾನು ಬಾಗಿಲ ಹೊರಗೆ ಔಷಧಿ ಚೀಟಿ ಹಿಡಿದು ನಿಂತಿದ್ದೆ. ಅತ್ತಿಗೆ ಮೂರನೇ ದಿನ ಬೆಂಗಳೂರಿಗೆ ಹೋದರು. ನಾಲ್ಕನೇ ದಿನ ನಾನು ಆಯಿಯನ್ನು ಎಬ್ಬಿಸಲು ಎಡಗೈ ಹಿಡಿದು ಎಳೆದೆ. ಸ್ವಾಧೀನ ಇಲ್ಲದ ಕೈಯಲ್ಲಿ ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳು ಸಡಿಲ ಆಗಿರುತ್ತವೆ. ಎಳೆದರೆ ಕೀಲು ಜಾರುತ್ತದೆ. ಎರಡು ತಿಂಗಳು ಆ ಭುಜದ ನೋವಿಗೆ ಅವಳು ರಾತ್ರಿ ನರಳಿದಳು. ಆ ಧ್ವನಿ ಈಗಲೂ ನನ್ನ ಕಿವಿಯಲ್ಲಿದೆ.

ಅದಕ್ಕೇ ಹೇಳುತ್ತೇನೆ, ಮುಂದಿನ ಸಲ ಆಸ್ಪತ್ರೆಗೆ ಹೋದಾಗ ‘ಮನೆಯಲ್ಲಿ ನೋಡಿಕೊಳ್ಳುವವನು ನಾನು, ನನಗೆ ಮಾಡಿ ತೋರಿಸಿ’ ಅಂತ ಬಾಯಿಬಿಟ್ಟು ಹೇಳಿ. ಫಿಸಿಯೋಥೆರಪಿ ಮಾಡುವವರಿಗೂ ಇದನ್ನೇ ಹೇಳಿ. ಅವರ ಎದುರಿಗೆ ನೀವು ಒಮ್ಮೆ ಮಾಡಿ ತೋರಿಸಿ.

ಸದ್ಯಕ್ಕೆ ಇಷ್ಟು ನೆನಪಿಡಿ. ಅಂಗಿ, ನೈಟಿ ಹಾಕುವಾಗ ಸ್ವಾಧೀನ ಇಲ್ಲದ ಕೈಯನ್ನು ಮೊದಲು ಬಟ್ಟೆಯ ತೋಳಿಗೆ ಸೇರಿಸಬೇಕು. ತೆಗೆಯುವಾಗ ಸರಿ ಇರುವ ಕೈ ಮೊದಲು. ಮುಂದೆ ಗುಂಡಿ ಇರುವ ನೈಟಿ ಹೊಲಿಸಿಬಿಡಿ, ಸೀರೆಯ ಹಟ ಬೇಡ. ಹಾಸಿಗೆಯಿಂದ ಕುರ್ಚಿಗೆ ಕೂರಿಸುವಾಗ ಕುರ್ಚಿಯನ್ನು ಅವರ ಬಲಗಡೆಗೆ, ಅಂದರೆ ಗಟ್ಟಿ ಇರುವ ಕಡೆಗೆ ಇಡಿ. ನೀವು ಸೊಂಟ ಬಗ್ಗಿಸಬೇಡಿ, ಮಂಡಿ ಬಗ್ಗಿಸಿ. ಪೂರ್ತಿ ಮಲಗಿದ್ದರೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ. ಬೆನ್ನಿನ ಕೆಳತುದಿ, ಹಿಮ್ಮಡಿ, ಸೊಂಟದ ಮೂಳೆ, ಈ ಜಾಗ ದಿನಾ ನೋಡಿ. ಚರ್ಮ ಕೆಂಪಾಗಿ, ಒತ್ತಡ ತೆಗೆದ ಮೇಲೂ ಕೆಂಪು ಹೋಗದಿದ್ದರೆ ಅದೇ ಹುಣ್ಣಿನ ಶುರು.

ಊಟ ಕೂರಿಸಿಯೇ ಮಾಡಿಸಿ. ಊಟ ಆದಮೇಲೂ ಅರ್ಧ ತಾಸು ಕೂತಿರಲಿ. ನಮ್ಮ ಮನೆಗಳಲ್ಲಿ ಅಪ್ಪೆಹುಳಿ, ತಂಬ್ಳಿ ಇಲ್ಲದೆ ಊಟ ಮುಗಿಯುವುದಿಲ್ಲ. ಆದರೆ ಪಾರ್ಶ್ವವಾಯು ಆದವರಿಗೆ ಅಂಥ ತೆಳು ಪದಾರ್ಥವೇ ನೆತ್ತಿಗೆ ಹತ್ತುವುದು ಹೆಚ್ಚು. ನೀರು ಕುಡಿದಾಗ ಕೆಮ್ಮು ಬಂದರೆ, ಧ್ವನಿ ಗೊರಗೊರ ಅಂದರೆ ಡಾಕ್ಟರಿಗೆ ಹೇಳಿ, ನುಂಗುವುದನ್ನು ಪರೀಕ್ಷೆ ಮಾಡಿಸಿ. ನೀರು, ಊಟ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗಬಹುದು.

ಮುಜುಗರದ ಬಗ್ಗೆ ಕೇಳಿದ್ದೀರಿ. ಒಳ್ಳೇದು ಮಾಡಿದಿರಿ, ಬಹಳ ಜನ ಇದನ್ನೇ ಬಿಟ್ಟು ಉಳಿದದ್ದು ಕೇಳುತ್ತಾರೆ. ನಾನು ಮಾಡುತ್ತಿದ್ದದ್ದು ಹೀಗೆ. ಮುಂಚೆಯೇ ಹೇಳುತ್ತಿದ್ದೆ: ‘ಆಯಿ, ಈಗ ಕಾಲು ತೊಳೀತೆ.’ ಮೈಮೇಲೆ ದೊಡ್ಡ ಟವೆಲ್ ಹೊದಿಸಿ, ತೊಳೆಯುವ ಜಾಗದಷ್ಟೇ ಸರಿಸುತ್ತಿದ್ದೆ. ಒದ್ದೆ ಬಟ್ಟೆಯನ್ನು ಅವಳ ಬಲಗೈಗೆ ಕೊಟ್ಟು, ನಾನು ಬಾಗಿಲ ಕಡೆ ತಿರುಗಿ ನಿಲ್ಲುತ್ತಿದ್ದೆ. ಅವಳಿಂದ ಆಗುವಷ್ಟು ಅವಳೇ ಒರೆಸಿಕೊಳ್ಳುತ್ತಿದ್ದಳು. ಉಳಿದದ್ದು ನಾನು. ಹೆಂಗಸರಿಗೆ ಯಾವತ್ತೂ ಮುಂದಿನಿಂದ ಹಿಂದಕ್ಕೆ ಒರೆಸಬೇಕು. ತಿರುಗಾಮುರುಗಾ ಆದರೆ ಮೂತ್ರದ ಸೋಂಕು ಬರುತ್ತದೆ. ಇದನ್ನು ನನಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ. ಮೊದಮೊದಲು ಆಯಿ ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ಒಂದು ದಿನ ಕಣ್ಣು ತೆರೆದು ‘ಗೋಡೆ ಮೂಲೆಲಿ ಜೇಡರ ಬಲೆ ಕಟ್ಟಿದೆ, ತೆಗೆ’ ಅಂದಳು. ಅವತ್ತಿನಿಂದ ಇಬ್ಬರಿಗೂ ಸ್ವಲ್ಪ ಹಗುರ ಆಯಿತು.

ಸಿಟ್ಟಿನ ಬಗ್ಗೆ ಎರಡು ವಿಷಯ ಇದೆ. ಒಂದು, ಆಯಿ ಮಾಡುವುದೆಲ್ಲ ಹಟ ಅಲ್ಲ. ನನ್ನ ಆಯಿ ಬಾಳೆಯ ಎಡತುದಿಗೆ ಬಡಿಸಿದ ಉಪ್ಪು, ಉಪ್ಪಿನಕಾಯಿ ಮುಟ್ಟುತ್ತಿರಲಿಲ್ಲ. ಅನ್ನವೂ ಎಡಗಡೆ ಅರ್ಧ ಹಾಗೇ ಉಳಿಯುತ್ತಿತ್ತು. ‘ಸಪ್ಪೆ’ ಅಂತ ದೂರು ಬೇರೆ. ಎದುರಿಗೇ ಇದೆಯಲ್ಲ ಅಂತ ನಾನು ಕೂಗಾಡುತ್ತಿದ್ದೆ. ಮೈಯ ಎಡಭಾಗ ಹೋಗುವುದು ಮಿದುಳಿನ ಬಲಭಾಗಕ್ಕೆ ಪೆಟ್ಟಾದಾಗ. ಅಂಥವರಲ್ಲಿ ಕೆಲವರಿಗೆ ಎಡಗಡೆ ಒಂದು ಜಗತ್ತು ಇದೆ ಅನ್ನೋದೇ ಗಮನಕ್ಕೆ ಬರುವುದಿಲ್ಲವಂತೆ. ಕಣ್ಣು ಸರಿ ಇರುತ್ತದೆ, ಮಿದುಳು ಆ ಕಡೆ ನೋಡುವುದಿಲ್ಲ. ಇದು ಗೊತ್ತಾದ ದಿನ ನಾನು ತೋಟಕ್ಕೆ ಹೋಗಿ ಒಬ್ಬನೇ ಅತ್ತೆ. ಆಮೇಲೆ ಬಾಳೆಯನ್ನು ಸ್ವಲ್ಪ ಬಲಕ್ಕೆ ಸರಿಸಿ ಹಾಕಿದೆ.

ಎರಡು, ಆ ಸಿಟ್ಟು ನಿಮ್ಮ ದಣಿವೂ ಇರಬಹುದು. ಗಂಡಸರಲ್ಲಿ ಖಿನ್ನತೆ ಅಳುವಾಗಿ ಬರುವುದು ಕಡಿಮೆ. ರೇಗುವುದು, ಮಾತು ಬಿಡುವುದು, ಸಂಜೆಯಾದರೆ ಕುಡಿಯುವುದು, ನಿದ್ದೆ ಬಾರದಿರುವುದು, ಹೀಗೆ ಬರುತ್ತದೆ. ಎರಡು ವಾರ ಹೀಗೇ ಇದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, 2022ರಲ್ಲಿ ಶುರುವಾದದ್ದು. ದುಡ್ಡಿಲ್ಲ, ದಿನದ 24 ತಾಸೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ‘ನನಗೇನೂ ಆಗಿಲ್ಲ, ಆಯಿಗೆ ಹುಷಾರಿಲ್ಲ’ ಅಂತಲೇ ಶುರು ಮಾಡಿ, ಪರವಾಗಿಲ್ಲ. ಮುಖ ನೋಡಿ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮ ಇದೆ. ಅದರಲ್ಲಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗೆ ಬರುತ್ತಾರೆ. ಹೋಗುವ ಮುಂಚೆ ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಬದುಕೇ ಸಾಕು ಅನ್ನಿಸಿದರೆ, ಆಯಿಯ ಮೇಲೆ ಕೈ ಎತ್ತುವ ಹಾಗಾದರೆ ಎರಡು ವಾರ ಕಾಯಬೇಡಿ. ಅವತ್ತೇ ಫೋನ್ ಮಾಡಿ.

ಸರ್ಕಾರದಿಂದ ಸಿಗುವುದಕ್ಕೆ ಮೊದಲ ಬಾಗಿಲು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಕೊಡುವ ಗುರುತಿನ ಚೀಟಿ. ಅಂಗವೈಕಲ್ಯ ಶೇ. 40 ಅಥವಾ ಜಾಸ್ತಿ ಇದೆ ಅಂತ ವೈದ್ಯರು ಪ್ರಮಾಣಪತ್ರ ಕೊಟ್ಟರೆ ಪಿಂಚಣಿಗೆ ಅರ್ಜಿ ಹಾಕಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಕಲಂನಲ್ಲಿ ಆರೈಕೆ ಭತ್ಯೆಯ ಮಾತೂ ಇದೆ, ಹೆಚ್ಚಿನ ನೆರವು ಬೇಕಾದವರಿಗೆ. ಕಚೇರಿ ಕಚೇರಿ ಅಲೆಯುವ ಮುಂಚೆ ಗ್ರಾಮ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹುಡುಕಿ. ಇಂಥ ಕೆಲಸಕ್ಕೇ ಇರುವವರು ಅವರು. ತಾಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಹಿರಿಯರ ಸಹಾಯವಾಣಿ 14567.

ಈಗ ನಿಮ್ಮ ಮುಖ್ಯ ಪ್ರಶ್ನೆ, ಏನಂತ ಕೇಳುವುದು. ಊರವರು ಬಂದಾಗ ‘ಏನಾದ್ರೂ ಬೇಕಾದ್ರೆ ಹೇಳು’ ಅಂತಾರೆ. ನಾವು ‘ಹೂಂ’ ಅಂತೇವೆ. ಅಲ್ಲಿಗೆ ಮುಗಿಯಿತು. ಅವರಿಗೆ ಏನು ಮಾಡಬೇಕು ಗೊತ್ತಿರುವುದಿಲ್ಲ, ನಮಗೆ ಕೇಳಲು ನಾಚಿಕೆ. ಆದರೆ ಮುಯ್ಯಾಳು ಕರೆಯಲು ನಮಗೆ ನಾಚಿಕೆ ಇದೆಯಾ? ಅಡಿಕೆ ಕೊನೆ ಕೊಯ್ಲಿಗೆ, ಅಡಿಕೆ ಸುಲಿಯಲು ‘ನಾಳೆ ಬಾ, ನಾಡಿದ್ದು ನಾನು ಬರ್ತೆ’ ಅಂತ ಸಲೀಸಾಗಿ ಕರೆಯುತ್ತೇವೆ. ದಿನ ಇರುತ್ತದೆ, ಕೆಲಸ ಇರುತ್ತದೆ, ತಿರುಗಿ ಕೊಡುವ ಲೆಕ್ಕವೂ ಇರುತ್ತದೆ. ಇದನ್ನೂ ಹಾಗೇ ಕೇಳಿ. ‘ಗುರುವಾರ ನಾಲ್ಕರಿಂದ ಆರು ಆಯಿ ಹತ್ತಿರ ಕೂತ್ಕೋ, ನಿನ್ನ ತೋಟಕ್ಕೆ ಮದ್ದು ಹೊಡೆಯುವ ದಿನ ನಾನು ಬರ್ತೆ.’ ನಾನು ಪಕ್ಕದ ಮನೆಯವನನ್ನು ಹೀಗೆ ಕೇಳಲು ಒಂದೂವರೆ ವರ್ಷ ತೆಗೆದುಕೊಂಡೆ. ಅವನು ‘ಇಷ್ಟು ದಿನ ಯಾಕೆ ಕೇಳಲಿಲ್ಲ ಮಾರಾಯಾ’ ಅಂದ.

ಅಣ್ಣನಿಗೂ ಕೆಲಸ ಹಂಚಿ. ದೂರ ಇದ್ದವರಿಗೆ ತಪ್ಪಿತಸ್ಥ ಭಾವ ಇರುತ್ತದೆ, ಅದು ಫೋನಿನಲ್ಲಿ ಸಲಹೆಯಾಗಿ ಬರುತ್ತದೆ. ಔಷಧಿ ತರಿಸುವುದು, ಆಸ್ಪತ್ರೆಯ ದಿನ ಗೊತ್ತು ಮಾಡುವುದು, ಅರ್ಜಿ ತುಂಬುವುದು ಬೆಂಗಳೂರಿನಿಂದಲೇ ಆಗುತ್ತದೆ. ವರ್ಷಕ್ಕೆ ಎರಡು ಸಲ ಹತ್ತು ದಿನ ಅವನೇ ಬಂದು ಇರಲಿ. ನೀವು ಆ ಹತ್ತು ದಿನ ಮನೆಯಲ್ಲಿ ಇರಬೇಡಿ.

ಮಳೆಗಾಲಕ್ಕೆ ಮುಂಚೆ ಇನ್ನೊಂದು ಕೆಲಸ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಎಷ್ಟು ದಿನ ಬಂದ್ ಆಗಿತ್ತು ನೆನಪಿದೆಯಲ್ಲ? ದೊಡ್ಡ ಆಸ್ಪತ್ರೆ ಅಂದರೆ ನಮಗೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು. ಕಾರವಾರದವರಿಗೆ ಗೋವಾ. ಮತ್ತೊಮ್ಮೆ ಪಾರ್ಶ್ವವಾಯು ಆದರೆ, ಬಾಯಿ ಸೊಟ್ಟ, ಕೈ ಸೋಲು, ಮಾತು ತೊದಲು ಕಂಡರೆ, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಸಮಯ ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ತಾಸು. ಸಿಟಿ ಸ್ಕ್ಯಾನ್ ಮತ್ತು ಆ ಚುಚ್ಚುಮದ್ದು ಎರಡೂ ಇರುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಈಗಲೇ ವಿಚಾರಿಸಿ ಇಡಿ. ಒಂದು ತಿಂಗಳ ಔಷಧಿ ಮನೆಯಲ್ಲಿರಲಿ. ಹುಣ್ಣಾಗದಿರಲಿ ಅಂತ ಗಾಳಿ ಹಾಸಿಗೆ ತಂದಿದ್ದರೆ ನೆನಪಿಡಿ, ಅದರ ಪಂಪ್ ಕರೆಂಟಿನಲ್ಲಿ ನಡೆಯುವುದು. ನಮ್ಮೂರಲ್ಲಿ ಜುಲೈಯಲ್ಲಿ ಕರೆಂಟು ಎಷ್ಟಿರುತ್ತದೆ ನಿಮಗೇ ಗೊತ್ತು. ನೀರಿನ ಹಾಸಿಗೆಗೆ ಆ ತಾಪತ್ರಯ ಇಲ್ಲ.

ಮೊದಲ ಗುರುವಾರ ಬರುವವರಿಗೆ ಒಂದು ಹಾಳೆ ಬರೆದಿಡಿ. ನಾನು ಗೋಡೆಗೆ ಅಂಟಿಸಿದ್ದರಲ್ಲಿ ಇದ್ದದ್ದು ಐದೇ ಸಾಲು. ಎಡಗೈ ಎಳೆಯಬೇಡ. ನೀರು ಕೂರಿಸಿ ಕೊಡು, ಚಮಚದಲ್ಲಿ. ಮಾತಾಡುವಾಗ ಬಲಗಡೆ ಕೂತ್ಕೋ. ಐದಕ್ಕೆ ಬಿಳಿ ಮಾತ್ರೆ. ರೇಡಿಯೋ ಹಾಕು, ಅವಳಿಗೆ ಇಷ್ಟ.