ಬಿಳಿಯ ಚರ್ಚೋ, ವೈಟ್ ಎಂಬಾಕೆಯ ಚರ್ಚೋ?

ಇಂಗ್ಲೆಂಡಿನ ಡಾರ್ಸೆಟ್ ಸೀಮೆಯ ವಿಟ್‌ಚರ್ಚ್ ಕನಾನಿಕೋರಮ್ ಎಂಬ ಹಳ್ಳಿಯ ಚರ್ಚಿನಲ್ಲಿ, ಯಾವ ಚಿತ್ತಾರವೂ ಇಲ್ಲದ 13ನೇ ಶತಮಾನದ ಕಲ್ಲಿನ ಗದ್ದುಗೆಯೊಂದಿದೆ. ಅದರ ಬುಡದಲ್ಲಿ ಮೊಟ್ಟೆಯಾಕಾರದ ಮೂರು ಕಿಂಡಿಗಳಿವೆ. ಕಾಯಿಲೆಯವರು ನೋಯುವ ಕೈಯನ್ನೋ ಕಾಲನ್ನೋ ಅವುಗಳೊಳಗೆ ಚಾಚಿ ಸಂತ ವೈಟ್‌ಗೆ ಹರಕೆ ಹೊರುತ್ತಿದ್ದರು. ಈಗಿನವರು ಬೇಡಿಕೆಯ ಚೀಟಿಗಳನ್ನು ಇಟ್ಟುಹೋಗುತ್ತಾರೆ.

ಈ ವೈಟ್ ಯಾರು? ಡೆನ್ಮಾರ್ಕ್ ಕಡೆಯಿಂದ ಬಂದ ಡೇನರ ದಾಳಿಯಲ್ಲಿ ಹತಳಾದ ಸ್ಥಳೀಯ ಹೆಣ್ಣುಮಗಳೆಂದು ಒಂದು ಐತಿಹ್ಯ, ಫ್ರಾನ್ಸಿನ ಬ್ರಿಟನಿ ಸೀಮೆಯಿಂದ ಬಂದ ಸಂತಳೆಂದು ಇನ್ನೊಂದು. ಎರಡಕ್ಕೂ ಸಮಕಾಲೀನ ದಾಖಲೆಯ ಬೆಂಬಲವಿಲ್ಲ. ತೊಡಕು ಊರಿನ ಹೆಸರಿನಲ್ಲೇ ಇದೆ. 9ನೇ ಶತಮಾನದ ಆಲ್ಫ್ರೆಡ್ ದೊರೆಯ ಉಯಿಲಿನಲ್ಲಿ ಬರುವ 'ಹ್ವಿಟನ್' ಎಂಬ ರೂಪವನ್ನು ಹಳೆಯ ಇಂಗ್ಲಿಷಿನ ವ್ಯಾಕರಣದಂತೆ 'ಬಿಳಿಯ' ಎಂದೂ ಓದಬಹುದು, 'ಹ್ವಿಟೆ ಎಂಬಾಕೆಯ' ಎಂದೂ ಓದಬಹುದು. ಲ್ಯಾಟಿನ್ ಬಲ್ಲವರು ಅದೇ ಬಿಳುಪನ್ನು ಅನುವಾದಿಸಿ ಆಕೆಯನ್ನು ಕ್ಯಾಂಡಿಡಾ ಎಂದರು. ಹೆಸರಿನಿಂದಲೇ ಸ್ಥಳಪುರಾಣ ಹುಟ್ಟುವುದು ನಮಗೇನೂ ಹೊಸತಲ್ಲವಾದ್ದರಿಂದ, ಸಂಶಯಪಟ್ಟವರನ್ನು ದೂರುವಂತಿಲ್ಲ. 'ಕನಾನಿಕೋರಮ್' ಎಂಬ ಬಾಲಕ್ಕೆ ಮಾತ್ರ ಇಂಥ ಗೊಂದಲವಿಲ್ಲ: ಚರ್ಚಿನ ಆದಾಯ ಸಾಲ್ಸ್‌ಬರಿ ಮತ್ತು ವೆಲ್ಸ್ ಕೆಥೆಡ್ರಲ್‌ಗಳ ಕ್ಯಾನನ್‌ಗಳೆಂಬ ಪಾದ್ರಿಗಳಿಗೆ ಸೇರುತ್ತಿದ್ದುದರ ಗುರುತು ಅದು.

1530ರ ದಶಕದಲ್ಲಿ ಎಂಟನೆಯ ಹೆನ್ರಿಯ ಆಡಳಿತವು ಸಂತರ ಗದ್ದುಗೆಗಳನ್ನು ಒಡೆಸಿತು. ಕ್ಯಾಂಟರ್‌ಬರಿಯಲ್ಲಿ ಚಿನ್ನ, ರತ್ನಗಳಿಂದ ಹೊಳೆಯುತ್ತಿದ್ದ ಥಾಮಸ್ ಬೆಕೆಟ್‌ನ ಗದ್ದುಗೆಯೇ 1538ರಲ್ಲಿ ನೆಲಸಮವಾಯಿತು. ವಿಟ್‌ಚರ್ಚ್ ಹೇಗೆ ಪಾರಾಯಿತೆಂಬುದಕ್ಕೆ ಗದ್ದುಗೆಯ ಬಡತನವೇ ಉತ್ತರವೆಂದು ನನಗೆ ತೋರುತ್ತದೆ. ದೋಚಲು ಏನೂ ಇಲ್ಲದ ಬರಿಯ ಕಲ್ಲಿನ ಪೆಟ್ಟಿಗೆ ಯಾವುದೋ ಗೋರಿಯೆಂಬಂತೆ ಕಂಡಿರಬೇಕು. ಸಂತರ ಅಸ್ಥಿಗಳು ಮಧ್ಯಯುಗದ ಗದ್ದುಗೆಯಲ್ಲೇ ಉಳಿದಿರುವ ಇಂಗ್ಲೆಂಡಿನ ಚರ್ಚುಗಳೆಂದು ವೆಸ್ಟ್‌ಮಿನ್‌ಸ್ಟರ್ ಆಬೆಯ ಜೊತೆ ಸಾಮಾನ್ಯವಾಗಿ ಹೆಸರಿಸುವುದು ಇದೊಂದನ್ನೇ.

ಆ ಅಸ್ಥಿಗಳು ಒಳಗಿವೆಯೆಂಬುದು ಖಚಿತವಾದದ್ದು 1900ರಲ್ಲಿ. ಕಟ್ಟಡದ ಅಡಿಪಾಯ ಕುಸಿದು ಗದ್ದುಗೆ ಬಿರುಕು ಬಿಟ್ಟಾಗ, ಒಳಗಿದ್ದ ಸೀಸದ ಪೆಟ್ಟಿಗೆಯೊಂದು ಹೊರಬಂತು. ಅದರಲ್ಲಿ ಸುಮಾರು 40 ವರ್ಷದ, ಸಣ್ಣ ಮೈಕಟ್ಟಿನ ಹೆಂಗಸಿನ ಎಲುಬುಗಳಿದ್ದವು. 'ಸಂತ ವೈಟ್‌ಳ ಪವಿತ್ರ ಅವಶೇಷಗಳು ಇಲ್ಲಿ ವಿಶ್ರಮಿಸುತ್ತಿವೆ' ಎಂಬರ್ಥದ ಲ್ಯಾಟಿನ್ ಬರಹವೂ ಸೀಸದ ಮೇಲಿತ್ತು, ಅದೂ ಅಕ್ಷರಗಳನ್ನು ನುಂಗಿದ ಅವಸರದ ಕಾಗುಣಿತದಲ್ಲಿ. ಬರಹ ಮಧ್ಯಯುಗದ್ದು, ಆಲ್ಫ್ರೆಡ್‌ನ ಕಾಲದ್ದಲ್ಲ. ಹಾಗಾಗಿ ಆ ಕಾಲದ ಭಕ್ತರು ಯಾರ ಎಲುಬುಗಳೆಂದು ನಂಬಿ ಕೈ ಮುಗಿದರೆಂಬುದನ್ನಷ್ಟೇ ಅದು ಹೇಳಬಲ್ಲದು. ಪೆಟ್ಟಿಗೆಯನ್ನು ಮತ್ತೆ ಗದ್ದುಗೆಯೊಳಗಿಟ್ಟು ಮುಚ್ಚಲಾಯಿತು. 2008ರಲ್ಲಿ ಡಾರ್ಸೆಟ್ ಆರಿಸಿಕೊಂಡ ಬಾವುಟದ ಮೇಲಿನ ಶಿಲುಬೆಯನ್ನು ಸಂತ ವೈಟ್‌ಳ ಶಿಲುಬೆಯೆಂದೇ ಕರೆಯುತ್ತಾರೆ. ಅದರ ಬಣ್ಣ ಬಿಳಿ.