ಕ್ಯಾಲಿಬರ್: ಆನೆಗೆ ಎಷ್ಟು ದಪ್ಪದ ಗುಂಡು?

ದೊಡ್ಡ ಬೇಟೆಯ ಕೋವಿಗಳ ಮಾತು ಬಂದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಆನೆಗೆ ಎಷ್ಟು ಕ್ಯಾಲಿಬರ್ ಬೇಕು? ಆಫ್ರಿಕಾದ ಕಾಡೆಮ್ಮೆಗೆ ಎಷ್ಟು ಸಾಕು? ಕೇಳುವವರಿಗೆ ಬೇಕಿರುವುದು ಒಂದು ಸಂಖ್ಯೆ. ಸಂಖ್ಯೆಯೇನೋ ಇದೆ, .375. ಆದರೆ ಆ ಸಂಖ್ಯೆ ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದೇ ಇಲ್ಲ ಅನ್ನೋದು ತಿಳಿಯದಿದ್ದರೆ ಉತ್ತರ ಸಿಕ್ಕರೂ ಉಪಯೋಗಕ್ಕೆ ಬರುವುದಿಲ್ಲ. ಬೇಟೆ ಸರಿಯೋ ತಪ್ಪೋ ಅನ್ನೋ ಜಗಳವನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ಪದವನ್ನಷ್ಟೇ ಬಿಚ್ಚಿ ನೋಡೋಣ.

ಕ್ಯಾಲಿಬರ್ ಅಂದರೆ ಕೋವಿಯ ನಳಿಗೆಯೊಳಗಿನ ತೂತಿನ ಅಗಲ. ಅಷ್ಟೇ. .375 ಅಂದರೆ ಒಂದು ಇಂಚಿನ ಸಾವಿರ ಪಾಲಿನಲ್ಲಿ 375 ಪಾಲು, ಸುಮಾರು 9.5 ಮಿಲಿಮೀಟರ್. ಪೆನ್ಸಿಲ್‌ಗಿಂತ ಸ್ವಲ್ಪ ದಪ್ಪ. ಆರು ಟನ್ ತೂಗಬಲ್ಲ ಸಲಗದ ಮುಂದೆ ಹಿಡಿದು ನಿಲ್ಲುವುದು ಇಷ್ಟು ಸಣ್ಣ ತೂತನ್ನು. ಪದ ಅರಬ್ಬಿಯ 'ಕಾಲಿಬ್' ಇಂದ ಬಂದದ್ದು ಅನ್ನುತ್ತಾರೆ. ಕಾಲಿಬ್ ಅಂದರೆ ಅಚ್ಚು. ಅರಬ್ಬಿಯಿಂದ ಇಟಲಿ, ಫ್ರಾನ್ಸ್ ದಾಟಿ ಇಂಗ್ಲಿಷಿಗೆ ಬಂತು. ಅರಬ್ಬಿ ಪದದ ಬೇರು ಗ್ರೀಕಿನಲ್ಲಿದೆ, ಚಪ್ಪಲಿ ಹೊಲಿಯಲು ಬಳಸುವ ಮರದ ಪಾದದ ಹೆಸರು ಅದು ಅಂತಲೂ ಒಂದು ಮಾತಿದೆ. ಸೀಸ ಕರಗಿಸಿ ಅಚ್ಚಿಗೆ ಹುಯ್ದು ಗುಂಡು ಮಾಡುತ್ತಿದ್ದ ಕಾಲದ ಪದ, ಆದ್ದರಿಂದ ಹೊಂದುತ್ತದೆ.

ಫಿರಂಗಿಯವರು ಇದೇ ಪದವನ್ನು ಬೇರೆ ಥರ ಬಳಸುತ್ತಾರೆ, ಗೊಂದಲ ಬೇಡ. ಬೋಫೋರ್ಸ್ ಫಿರಂಗಿಯನ್ನು '155 ಎಂಎಂ, 39 ಕ್ಯಾಲಿಬರ್' ಅಂದಾಗ ನಳಿಗೆಯ ಉದ್ದ ತೂತಿನ ಅಗಲದ 39 ಪಟ್ಟು ಎಂದರ್ಥ. ಅಂದರೆ ಆರು ಮೀಟರ್ ಚಿಲ್ಲರೆ. ರೈಫಲ್‌ಗೂ ಇದಕ್ಕೂ ಸಂಬಂಧವಿಲ್ಲ.

ಇನ್ನು ಹೆಸರುಗಳ ವಿಷಯ. ಕಾಡತೂಸಿನ ಪೆಟ್ಟಿಗೆ ಮೇಲೆ ಬರೆದದ್ದನ್ನು ಅಳತೆ ಅಂತ ನಂಬಿದರೆ ಕೆಟ್ಟಿರಿ. .404 ಜೆಫ್ರಿಯ ಗುಂಡು .404 ಇಂಚು ಇಲ್ಲ, .423 ಇದೆ. 7 ಎಂಎಂ ಮೌಸರ್‌ನ ಗುಂಡು 7.2 ಮಿಲಿಮೀಟರ್. ಇದಕ್ಕೆ ಒಂದು ಕಾರಣ ನಳಿಗೆಯೊಳಗೇ ಇದೆ. ಗುಂಡು ಬುಗುರಿ ಹಾಗೆ ತಿರುಗುತ್ತಾ ಹೋಗಲಿ ಅಂತ ರೈಫಲ್ ನಳಿಗೆಯ ಒಳಮೈಗೆ ಸುರುಳಿಯಾಗಿ ಗೀರುಗಳನ್ನು ಕೊರೆದಿರುತ್ತಾರೆ. ಕೊರೆದ ಕಡೆ ತಗ್ಗು, ಉಳಿದ ಕಡೆ ದಿಬ್ಬ. ದಿಬ್ಬದಿಂದ ದಿಬ್ಬಕ್ಕೆ ಅಳೆದರೆ ಒಂದು ಸಂಖ್ಯೆ, ತಗ್ಗಿನಿಂದ ತಗ್ಗಿಗೆ ಅಳೆದರೆ ಇನ್ನೊಂದು. ಯಾವುದನ್ನು ಹೆಸರಿಗೆ ಹಾಕಬೇಕು ಅನ್ನೋದಕ್ಕೆ ಎಲ್ಲರೂ ಒಪ್ಪಿದ ನಿಯಮ ಇರಲಿಲ್ಲ. ಅದರ ಜೊತೆಗೆ ಪ್ರತಿ ಕಂಪನಿಯೂ ತನಗೆ ಬೇಕಾದ ಬಾಲ ಸೇರಿಸಿತು. .30-06 ಎಂಬಲ್ಲಿ 06 ಅಂದರೆ 1906ನೇ ಇಸವಿ. 9.3×62 ಎಂಬಲ್ಲಿ 62 ಅಂದರೆ ಮದ್ದು ತುಂಬುವ ಹಿತ್ತಾಳೆ ಕೇಸಿನ ಉದ್ದ, ಮಿಲಿಮೀಟರ್ ಲೆಕ್ಕದಲ್ಲಿ. .450/400 ಅಂದರೆ .450ರ ಕೇಸಿನ ಕುತ್ತಿಗೆಯನ್ನು .400 ಗುಂಡಿಗೆ ಹೊಂದುವಂತೆ ಒತ್ತಿ ಸಣ್ಣ ಮಾಡಿದ್ದು. ಒಂದೇ ಜಾಗದಲ್ಲಿ ಒಬ್ಬರು ಇಸವಿ ಬರೆದರೆ ಇನ್ನೊಬ್ಬರು ಉದ್ದ ಬರೆಯುತ್ತಾರೆ. ತಲೆ ಕೆಡದೆ ಇರುತ್ತಾ?

ಈ ಗೊಂದಲದಲ್ಲಿ ನನಗೆ ತುಂಬ ಇಷ್ಟವಾದ ಕತೆ 1907ರದ್ದು. ಇಂಗ್ಲೆಂಡಿನ ಜಾನ್ ರಿಗ್ಬಿ ಕಂಪನಿ 1898ರಲ್ಲಿ .450 ನೈಟ್ರೊ ಎಕ್ಸ್‌ಪ್ರೆಸ್ ಅನ್ನೋ ಕಾಡತೂಸು ತಂದಿತ್ತು. ಆನೆ, ಹುಲಿ, ಕಾಟಿಗೆಲ್ಲ ಇದೇ ಮಾದರಿ ಅನ್ನುವಷ್ಟು ಹೆಸರಾಯಿತು. ಆದರೆ ಬ್ರಿಟಿಷರ ಹಳೇ ಸೈನ್ಯದ ಕೋವಿ ಮಾರ್ಟಿನಿ-ಹೆನ್ರಿಯೂ .450 ಗುಂಡಿನದೇ. ಅಂಥ ಕೋವಿಗಳು ಆಗಲೇ ಯಾರ್ಯಾರದೋ ಕೈ ಸೇರಿದ್ದವು. ಶಿಕಾರಿ ಹೆಸರಲ್ಲಿ ಬರುವ ಗುಂಡು ದಂಗೆ ಏಳುವವರ ಕೈಗೆ ಹೋದರೆ ಗತಿ ಏನು? ಸರ್ಕಾರಕ್ಕೆ ಭಯ ಹತ್ತಿತು. ಭಾರತಕ್ಕೂ ಸುಡಾನಿಗೂ .450 ಕೋವಿ ತರುವಂತಿಲ್ಲ ಅಂತ ಆಜ್ಞೆ ಹೊರಟಿತು. ಕೋವಿ ಮಾಡುವವರು ಸುಮ್ನೆ ಕೂತರೇ? .465, .470, .475, .476 ಅಂತ ಸಾಲಾಗಿ ಮಾರುಕಟ್ಟೆ ತುಂಬಿದರು. ಗುಂಡಿನ ತೂಕ, ವೇಗ, ಹೊಡೆತ ಎಲ್ಲ ಹೆಚ್ಚುಕಡಿಮೆ ಹಳೆಯದೇ. ಇವತ್ತಿಗೂ ಆಫ್ರಿಕಾದ ಜೋಡುನಳಿಗೆ ರೈಫಲ್‌ಗಳಲ್ಲಿ .470ಕ್ಕೆ ದೊಡ್ಡ ಮರ್ಯಾದೆ. ಆನೆಯ ಬುರುಡೆ ರಾತ್ರೋರಾತ್ರಿ ಗಟ್ಟಿಯಾಗಿರಲಿಲ್ಲ, ಸರ್ಕಾರಿ ಕಾಗದ ಒಂದು ಬಂದಿತ್ತು ಅಷ್ಟೇ.

ಇದಕ್ಕೂ ಹಿಂದೆ ಆನೆ ಕೋವಿಗಳಿಗೆ ಇಂಚಿನ ಲೆಕ್ಕಕ್ಕಿಂತ ಬೋರ್ ಲೆಕ್ಕವೇ ಹೆಚ್ಚು ಬಳಕೆಯಲ್ಲಿತ್ತು. ಒಂದು ಪೌಂಡ್ ಸೀಸವನ್ನು ಸಮನಾಗಿ 12 ಉಂಡೆ ಮಾಡಿದರೆ ಒಂದು ಉಂಡೆ ಯಾವ ನಳಿಗೆಗೆ ಸರಿಹೋಗುತ್ತದೋ ಅದು 12 ಬೋರ್. ಹಾಗಾಗಿ ಸಂಖ್ಯೆ ಚಿಕ್ಕದಾದಷ್ಟೂ ತೂತು ದೊಡ್ಡದು. 19ನೇ ಶತಮಾನದ ಆನೆ ಬೇಟೆಗಾರರು 8 ಬೋರ್, 4 ಬೋರ್ ಹೊರುತ್ತಿದ್ದರು. 4 ಬೋರ್ ಉಂಡೆ ಅಂದರೆ ಕಾಲು ಪೌಂಡ್, 113 ಗ್ರಾಂ. ತೂತು ಒಂದು ಇಂಚಿಗೂ ಮಿಕ್ಕಿ. ಇಷ್ಟು ಭಾರ ಯಾಕೆ ಬೇಕಿತ್ತು ಅಂದರೆ, ಕರಿಮದ್ದಿಗೆ ಗುಂಡನ್ನು ಜೋರಾಗಿ ತಳ್ಳುವ ತಾಕತ್ತು ಇರಲಿಲ್ಲ. ವೇಗ ಸಿಗದಿದ್ದರೆ ತೂಕ ಹೆಚ್ಚಿಸಬೇಕು, ಬೇರೆ ದಾರಿ ಇಲ್ಲ. 1889ರಲ್ಲಿ ಕಾರ್ಡೈಟ್ ಎಂಬ ಹೊಗೆ ಕಡಿಮೆಯ ಮದ್ದು ಬಂದಾಗ ಆಟವೇ ಬದಲಾಯಿತು. ಗಟ್ಟಿ ಲೋಹದ ಕವಚ ತೊಟ್ಟ 31 ಗ್ರಾಂ ಗುಂಡು ಸೆಕೆಂಡಿಗೆ 650 ಮೀಟರ್ ವೇಗದಲ್ಲಿ ಹೊರಟಿತು. ಹಳೇ ಭೀಮಗಾತ್ರದ ಕೋವಿಗಳು ಮೂಲೆ ಸೇರಿದವು. ತೂತು ಅರ್ಧಕ್ಕಿಂತ ಕಿರಿದಾಯಿತು, ಕೆಲಸ ಮಾತ್ರ ಇನ್ನೂ ಚೆನ್ನಾಗಿ ಆಯಿತು.

ಹಾಗಾದರೆ ಪ್ರಾಣಿಯ ಒಳಗೆ ಹೋಗಿ ಕೆಲಸ ಮಾಡುವುದು ಏನು? ಅಗಲ ಒಂದೇ ಅಲ್ಲ. ಗುಂಡಿನ ತೂಕ, ಅದರ ವೇಗ, ಅದು ಮಾಡಲ್ಪಟ್ಟ ರೀತಿ, ಇವೆಲ್ಲ ಸೇರಬೇಕು. ಇಲ್ಲಿ ಒಂದು ಲೆಕ್ಕವಿದೆ, ಕೋವಿಯವರು ಸೆಕ್ಷನಲ್ ಡೆನ್ಸಿಟಿ ಅನ್ನುತ್ತಾರೆ. ಪೌಂಡ್ ಲೆಕ್ಕದ ಗುಂಡಿನ ತೂಕವನ್ನು ಇಂಚು ಲೆಕ್ಕದ ಅದರ ಅಗಲದ ವರ್ಗದಿಂದ ಭಾಗಿಸುವುದು. ಸರಳವಾಗಿ ಹೇಳಿದರೆ, ಅಗಲಕ್ಕೆ ಹೋಲಿಸಿದರೆ ಗುಂಡಿನ ಬೆನ್ನಿಗೆ ಎಷ್ಟು ತೂಕ ಇದೆ ಅಂತ. ಗೋಣಿಚೀಲಕ್ಕೆ ಬೆರಳು ಒತ್ತಿದರೆ ಹೋಗುವುದಿಲ್ಲ, ದಬ್ಬಣ ಹೋಗುತ್ತದೆ ಅಲ್ವಾ? ತೆಳ್ಳಗೆ, ಉದ್ದಕ್ಕೆ, ಭಾರವಾಗಿರುವ ಗುಂಡು ಆಳಕ್ಕೆ ಹೋಗುತ್ತದೆ.

ಸ್ಕಾಟ್ಲೆಂಡಿನ ಡಬ್ಲ್ಯು.ಡಿ.ಎಂ. ಬೆಲ್ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. ಉಗಾಂಡಾದ ಕಾರಮೋಜ ಸೀಮೆಯಲ್ಲಿ ದಂತಕ್ಕಾಗಿ ಅಲೆದವನು, 'ಕಾರಮೋಜೊ ಬೆಲ್' ಅಂತಲೇ ಹೆಸರಾದವನು. ಸಾವಿರಕ್ಕೂ ಹೆಚ್ಚು ಆನೆ ಕೊಂದ. ಅವುಗಳಲ್ಲಿ ಬಹಳಷ್ಟನ್ನು ಕೊಂದದ್ದು 7 ಎಂಎಂ ಮೌಸರ್‌ನಿಂದ, ಜಿಂಕೆ ಹೊಡೆಯುವ ಕೋವಿಯಿಂದ. ಅವನು ಬಳಸಿದ ಪೂರ್ತಿ ಕವಚದ ಗುಂಡು 173 ಗ್ರೇನ್, ಅಂದರೆ 11.2 ಗ್ರಾಂ. ಅದರ ಸೆಕ್ಷನಲ್ ಡೆನ್ಸಿಟಿ ಲೆಕ್ಕ ಹಾಕಿದರೆ .306 ಬರುತ್ತದೆ. .375ರ 300 ಗ್ರೇನ್ ಗುಂಡಿನದು .305. ಎರಡೂ ಒಂದೇ! ಬೆಲ್ ಮಾಡಿದ್ದು ಪವಾಡ ಅಲ್ಲ ಅಂತ ಇದರಿಂದಲೇ ಗೊತ್ತಾಗುತ್ತದೆ. ಬುರುಡೆ ತೂರಿ ಮಿದುಳಿಗೆ ತಲುಪುವ ಮಟ್ಟಿಗೆ ಆ ಸಣ್ಣ ಗುಂಡು ಸಾಕಾಗಿತ್ತು.

ಹಾಗಂತ ಎಲ್ಲರೂ ಬೆಲ್ ಆಗಬಹುದಾ? ಅವನು ಸತ್ತ ಆನೆಯ ತಲೆ ಕೊಯ್ದು ಮಿದುಳು ಎಲ್ಲಿರುತ್ತದೆ ಅಂತ ಕಲಿತಿದ್ದ. ಆನೆಯ ಮಿದುಳು ಸುಮಾರು 5 ಕಿಲೋ. ಅದರ ಸುತ್ತ ಇರುವ ಬೃಹತ್ ಬುರುಡೆ ಜೇನುಗೂಡಿನ ಹಾಗೆ ಗಾಳಿ ತುಂಬಿದ ಮೂಳೆ. ಮುಂದಿನಿಂದ ನೋಡಿದಾಗ, ಪಕ್ಕದಿಂದ ನೋಡಿದಾಗ, ತಲೆ ಎತ್ತಿದಾಗ, ತಗ್ಗಿಸಿದಾಗ ಗುರಿಯ ಜಾಗ ಬದಲಾಗುತ್ತಲೇ ಇರುತ್ತದೆ. ನಾಲ್ಕು ಬೆರಳು ತಪ್ಪಿದರೆ 7 ಎಂಎಂ ಗುಂಡು ಆನೆಯನ್ನು ನಿಲ್ಲಿಸುವುದಿಲ್ಲ, ಸಿಟ್ಟಿಗೆಬ್ಬಿಸುತ್ತದೆ. .450, .470ರಂಥ ಗುಂಡು ಮಿದುಳಿಗೆ ತಾಗದೆ ಹತ್ತಿರ ಹಾದುಹೋದರೂ ಎಷ್ಟೋ ಸಲ ಆನೆ ತತ್ತರಿಸಿ ಕುಸಿಯುತ್ತದೆ, ಎರಡನೇ ಈಡಿಗೆ ಸಮಯ ಸಿಗುತ್ತದೆ. ದೊಡ್ಡ ಕ್ಯಾಲಿಬರ್ ಕೊಡುವುದು ಈ ಸಮಯವನ್ನು. ಕೊಲ್ಲುವ ಕೋವಿ ಬೇರೆ, ತಡೆಯುವ ಕೋವಿ ಬೇರೆ ಅಂತ ಆಫ್ರಿಕಾದ ವೃತ್ತಿಪರ ಶಿಕಾರಿಗಳು ಹೇಳುವುದು ಇದಕ್ಕೇ. ಗಿರಾಕಿಯ ಕೈಯಲ್ಲಿ .375, ಪಕ್ಕದಲ್ಲಿ ನಿಂತ ವೃತ್ತಿಪರನ ಕೈಯಲ್ಲಿ .470 ಅಥವಾ .500.

ಗುಂಡಿನಲ್ಲೂ ಎರಡು ಜಾತಿ. ಮೃದು ಮೂತಿಯದು ಮೈಗೆ ತಾಗಿದ ಕೂಡಲೇ ಅರಳಿಕೊಂಡು ಅಗಲವಾದ ಗಾಯ ಮಾಡುತ್ತದೆ. ಗಟ್ಟಿ ಗುಂಡು, ಅವರ ಭಾಷೆಯಲ್ಲಿ 'ಸಾಲಿಡ್', ಆಕಾರ ಕೆಡದೆ ನೇರವಾಗಿ ತೂರುತ್ತದೆ. ಆನೆಗೆ ಸಾಲಿಡ್ ಬಿಟ್ಟು ಬೇರೆ ಮಾತೇ ಇಲ್ಲ. ಸಿಂಹದ ಚರ್ಮ ತೆಳು, ಮೈ ಇನ್ನೂರು ಕಿಲೋ ಆಸುಪಾಸು, ಅದಕ್ಕೆ ಮೃದು ಮೂತಿ. ಕಷ್ಟ ಇರುವುದು ಕಾಡೆಮ್ಮೆಯ ಹತ್ತಿರ. ದೊಡ್ಡ ಗಂಡು 800 ಕಿಲೋ ತೂಗುತ್ತದೆ, ಗಾಯಗೊಂಡರೆ ಪೊದೆಯಲ್ಲಿ ನಿಂತು ಕಾಯುತ್ತದೆ ಅನ್ನುತ್ತಾರೆ. 'ಕಪ್ಪು ಸಾವು' ಅಂತ ಅಡ್ಡಹೆಸರು ಬಂದದ್ದು ಸುಮ್ನೆ ಅಲ್ಲ. ಸಾಲಿಡ್ ಹಾಕಿದರೆ ಒಂದರ ಮೈ ತೂರಿ ಹಿಂದೆ ನಿಂತ ಇನ್ನೊಂದಕ್ಕೂ ತಾಗಬಹುದು. ಬರೀ ಮೃದು ಮೂತಿ ಹಾಕಿದರೆ ಓಡುವ ಎಮ್ಮೆಗೆ ಹಿಂದಿನಿಂದ ಹೊಡೆದದ್ದು ಎದೆಯವರೆಗೆ ಹೋಗಲಾರದು. ಮೊದಲ ಈಡು ಮೃದು, ಆಮೇಲಿನವೆಲ್ಲ ಸಾಲಿಡ್, ಇದು ಹಳೇ ಪದ್ಧತಿ. ಈ ಎರಡೂ ಗುಂಡುಗಳ ಕ್ಯಾಲಿಬರ್ ಒಂದೇ ಅನ್ನೋದನ್ನು ಮರೆಯಬೇಡಿ.

ಈಗ .375ಕ್ಕೆ ಬರೋಣ. ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ 1912ರಲ್ಲಿ ತಂದ .375 ಎಚ್ ಅಂಡ್ ಎಚ್ ಮ್ಯಾಗ್ನಂ ನೂರು ವರ್ಷ ದಾಟಿಯೂ ಅಳತೆಗೋಲಾಗಿ ಉಳಿದಿದೆ. 300 ಗ್ರೇನ್, ಅಂದರೆ 19.4 ಗ್ರಾಂ ಗುಂಡು ಸೆಕೆಂಡಿಗೆ ಸುಮಾರು 770 ಮೀಟರ್ ವೇಗದಲ್ಲಿ ಹೋಗುತ್ತದೆ. ನಳಿಗೆಯ ಬಾಯಲ್ಲಿ ಶಕ್ತಿ 5,700 ಜೌಲ್ ಮೀರುತ್ತದೆ. ಜಿಂಕೆ ಜಾತಿಯ ಪ್ರಾಣಿಯಿಂದ ಹಿಡಿದು ಆನೆವರೆಗೆ ಒಂದೇ ಕೋವಿ ಸಾಕು ಅನ್ನುವವರು ಇದನ್ನೇ ತೋರಿಸುತ್ತಾರೆ. ಆಫ್ರಿಕಾದ ಹಲವು ದೇಶಗಳಲ್ಲಿ ಅಪಾಯಕಾರಿ ಪ್ರಾಣಿಗಳಿಗೆ .375ಕ್ಕಿಂತ ಕಡಿಮೆ ನಡೆಯುವುದಿಲ್ಲ. ನಮೀಬಿಯಾ ಜಾಣತನ ತೋರಿಸಿದೆ ಅಂತ ನನಗನಿಸುತ್ತದೆ. ಅಲ್ಲಿನ ನಿಯಮ ಆನೆ, ಕಾಡೆಮ್ಮೆಯಂಥವಕ್ಕೆ ಕನಿಷ್ಠ 5,400 ಜೌಲ್ ಇರಬೇಕು ಅನ್ನುತ್ತದೆ, ಶಕ್ತಿಯ ಲೆಕ್ಕ. ತೂತಿನ ಅಗಲ ಪರೀಕ್ಷಿಸುವುದು ಸುಲಭ ನಿಜ, ಆದರೆ ಅಗಲವಾದ ತೂತಿನ ಬಡಕಲು ಕಾಡತೂಸುಗಳೂ ಇವೆಯಲ್ಲ.

ಇನ್ನೂ ದೊಡ್ಡದಕ್ಕೆ ಹೋಗಬಾರದೇ? ಹೋಗಬಹುದು. .600 ನೈಟ್ರೊ ಎಕ್ಸ್‌ಪ್ರೆಸ್‌ನ ಗುಂಡು 900 ಗ್ರೇನ್, 58 ಗ್ರಾಂ. ಆದರೆ ಗುಂಡು ಮುಂದೆ ಹೋದ ಜೋರಿಗೆ ಕೋವಿ ಹಿಂದೆ ಒದೆಯುತ್ತದೆ. .30-06ರ ಒದೆತವನ್ನು ಒಂದು ಅಂದುಕೊಂಡರೆ .375ರದ್ದು ಸುಮಾರು ಎರಡು, .458ರದ್ದು ಮೂರು. ನಾಲ್ಕು ಸಲ ಭುಜ ನೋಯಿಸಿಕೊಂಡವನು ಐದನೇ ಸಲ ಕುದುರೆ ಒತ್ತುವ ಮೊದಲೇ ಕಣ್ಣು ಮುಚ್ಚುತ್ತಾನೆ, ಕೈ ಅದುರುತ್ತದೆ, ಗುರಿ ತಪ್ಪುತ್ತದೆ. ಸರಿಯಾದ ಜಾಗಕ್ಕೆ ತಾಗಿದ .375, ಹೊಟ್ಟೆಗೆ ತಾಗಿದ .600ಕ್ಕಿಂತ ಮೇಲು. ಹೆದರದೆ ಹೊಡೆಯಬಲ್ಲ ಕೋವಿಗಳಲ್ಲಿ ದೊಡ್ಡದು ಯಾವುದೋ ಅದನ್ನು ಹಿಡಿ ಅನ್ನೋದು ಕಾನೂನಿನ ಪುಸ್ತಕಕ್ಕಿಂತ ಒಳ್ಳೆಯ ಸಲಹೆ.

ಕ್ಯಾಲಿಬರ್ ಅನ್ನೋ ಪದ ಎಲ್ಲಿ ಕೈಕೊಡುತ್ತದೆ ಅಂತ ಒಂದೇ ಜೋಡಿಯಲ್ಲಿ ನೋಡಬೇಕೆಂದರೆ .458ಗಳನ್ನು ನೋಡಿ. ಅಮೆರಿಕದ ವಿಂಚೆಸ್ಟರ್ 1956ರಲ್ಲಿ .458 ವಿಂಚೆಸ್ಟರ್ ಮ್ಯಾಗ್ನಂ ತಂದಿತು. ದುಬಾರಿ ಜೋಡುನಳಿಗೆ ಕೋವಿಯ ಕೆಲಸವನ್ನು ಒಂಟಿನಳಿಗೆಯ ಸಾಮಾನ್ಯ ಬೋಲ್ಟ್ ರೈಫಲ್‌ನಿಂದ ಮಾಡಿಸುವ ಯೋಚನೆ. ಆದರೆ ಕೇಸು ಗಿಡ್ಡ, 2.5 ಇಂಚು. ಅಷ್ಟರಲ್ಲಿ ಮದ್ದನ್ನು ಅದುಮಿ ತುಂಬಬೇಕಿತ್ತು. ಅದುಮಿದ ಮದ್ದು ಗಂಟು ಕಟ್ಟಿ ಸರಿಯಾಗಿ ಉರಿಯದೆ, ಹೇಳಿದ ವೇಗ ಬರುತ್ತಿರಲಿಲ್ಲ. 1959ರಲ್ಲಿ ಮೊಜಾಂಬಿಕ್‌ನಲ್ಲಿ ಜ್ಯಾಕ್ ಲಾಟ್ ಎಂಬ ಅಮೆರಿಕನ್ ಬೇಟೆಗಾರ ಈ .458 ಹಿಡಿದು ಕಾಡೆಮ್ಮೆಗೆ ಹೊಡೆದ. ಎಮ್ಮೆ ನಿಲ್ಲಲಿಲ್ಲ, ಅವನನ್ನೇ ಎತ್ತಿ ಎಸೆಯಿತು. ಬದುಕಿ ಬಂದವನು 1971ರಲ್ಲಿ ತನ್ನದೇ ಕಾಡತೂಸು ರೂಪಿಸಿದ. ಅದು .458 ಲಾಟ್. ಗುಂಡು ಅದೇ, 500 ಗ್ರೇನ್. ನಳಿಗೆಯ ತೂತು ಅದೇ. ಕೇಸು ಮಾತ್ರ 2.8 ಇಂಚು, ಏಳೆಂಟು ಮಿಲಿಮೀಟರ್ ಉದ್ದ. ಒಳಗೆ ಹಿಡಿದ ಹೆಚ್ಚು ಮದ್ದಿನಿಂದ ಗುಂಡಿನ ವೇಗ ಸೆಕೆಂಡಿಗೆ ಸುಮಾರು 620 ಮೀಟರ್ ಇದ್ದದ್ದು 700ಕ್ಕೆ ಏರಿತು. ಲಾಟ್‌ನ ಕೋವಿಗೆ ಹಳೇ ವಿಂಚೆಸ್ಟರ್ ಕಾಡತೂಸು ಹಾಕಿಯೂ ಹೊಡೆಯಬಹುದು. ಲಾಟ್‌ನ ಕಾಡತೂಸು ವಿಂಚೆಸ್ಟರ್ ಕೋವಿಯೊಳಗೆ ಕೂರುವುದಿಲ್ಲ.