ಹಿಮದಲ್ಲಿ ಕೂಡಿಟ್ಟ ಹುಳಿ: ನಾರ್ವೆಯ ಆಮ್ಲ ಮಳೆ ಮಾಪನದ ಹಿನ್ನೆಲೆ

ದಕ್ಷಿಣ ನಾರ್ವೆಯಲ್ಲಿ ಬೀಳುವ ಮಳೆ ಮತ್ತು ಹಿಮವನ್ನು ಹುಳಿಯಾಗಿಸುವ ಗಂಧಕದ ಸಂಯುಕ್ತವಾದ ಸಲ್ಫೇಟ್‌ನ ಪ್ರಮಾಣ 1980ರಿಂದೀಚೆಗೆ ಮುಕ್ಕಾಲು ಭಾಗಕ್ಕೂ ಹೆಚ್ಚು ಇಳಿದಿದೆ. ಆದರೂ ಅಲ್ಲಿನ ಹಲವು ನದಿಗಳಿಗೆ ಆಮ್ಲವನ್ನು ತಣಿಸಲು ಸುಣ್ಣದಕಲ್ಲಿನ ಪುಡಿಯನ್ನು ಬೆರೆಸುವ ಕೆಲಸ ನಿಂತಿಲ್ಲ. ಮಳೆ ಶುದ್ಧವಾಗುತ್ತಾ ಬಂದರೂ ನೀರಿಗೆ ಮದ್ದು ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ, ಆಮ್ಲವನ್ನು ಯಾರು, ಎಲ್ಲಿ, ಯಾವಾಗ ಅಳೆಯತೊಡಗಿದರು ಎಂಬುದರಿಂದಲೇ ಆರಂಭಿಸಬೇಕು.

ಕಾರ್ಖಾನೆಗಳ ಹೊಗೆಗೂ ಮಳೆಯ ಹುಳಿಗೂ ಇರುವ ನಂಟನ್ನು ಬ್ರಿಟನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ಆಂಗಸ್ ಸ್ಮಿತ್ 1852ರಲ್ಲೇ ಮ್ಯಾಂಚೆಸ್ಟರಿನಲ್ಲಿ ಗುರುತಿಸಿದ್ದರು. ನಾರ್ವೆಯ ನದಿಗಳಲ್ಲಿ ಸಾಲ್ಮನ್ ಮೀನುಗಳು ಸಾಯುತ್ತಿರುವುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಕಂಡುಬಂದಿತ್ತು. ಈ ಎರಡನ್ನೂ ಜೋಡಿಸಿ ನೋಡಲು ನಂತರ ಅರ್ಧ ಶತಮಾನ ಹಿಡಿಯಿತು. ಜೋಡಿಸಲು ಬೇಕಾದ ಅಂಕಿಗಳು ಕೊನೆಗೆ ದೊರೆತದ್ದು ಮಾಲಿನ್ಯದ ಅಧ್ಯಯನದಿಂದಲ್ಲ, ಕೃಷಿಯಿಂದ. ಮಳೆಯ ಮೂಲಕ ಬೆಳೆಗಳಿಗೆ ಎಷ್ಟು ಪೋಷಕಾಂಶ ಸಿಗುತ್ತದೆ ಎಂದು ತಿಳಿಯಲು ಸ್ವೀಡನ್ನಿನ ಮಣ್ಣುವಿಜ್ಞಾನಿ ಹಾನ್ಸ್ ಎಗ್ನೇರ್ 1940ರ ದಶಕದ ಕೊನೆಯಲ್ಲಿ ಮಳೆನೀರಿನ ಸಂಗ್ರಾಹಕಗಳ ಜಾಲವೊಂದನ್ನು ಹೂಡಿದರು. 1950ರ ದಶಕದಲ್ಲಿ ಅದು ನೆರೆಯ ದೇಶಗಳಿಗೂ ಹಬ್ಬಿತು. ಆ ಜಾಲದ ಅಂಕಿಗಳನ್ನು ನದಿ ಮತ್ತು ಸರೋವರಗಳ ಅಂಕಿಗಳೊಂದಿಗೆ ಇಟ್ಟು ನೋಡಿದ ಸ್ವೀಡನ್ನಿನ ಮತ್ತೊಬ್ಬ ಮಣ್ಣುವಿಜ್ಞಾನಿ ಸ್ವಾಂಟೆ ಓಡೆನ್, ಯುರೋಪಿನ ಒಂದು ಭಾಗದಲ್ಲಿ ಉರಿದ ಗಂಧಕ ನೂರಾರು ಕಿಲೋಮೀಟರ್ ದಾಟಿ ಮತ್ತೊಂದು ಭಾಗದಲ್ಲಿ ಆಮ್ಲವಾಗಿ ಬೀಳುತ್ತಿದೆ ಎಂದು 1967ರಲ್ಲಿ ಸ್ವೀಡನ್ನಿನ ದಿನಪತ್ರಿಕೆಯೊಂದರಲ್ಲಿ ಬರೆದರು. ಬೇರೊಂದು ಉದ್ದೇಶಕ್ಕಾಗಿ ವರ್ಷಗಟ್ಟಲೆ ತಾಳ್ಮೆಯಿಂದ ಬರೆದಿಟ್ಟ ದಾಖಲೆ ಇಲ್ಲದಿದ್ದರೆ ಈ ಮಾತನ್ನು ಹೇಳಲು ಅವರಿಗೆ ಆಧಾರವೇ ಇರುತ್ತಿರಲಿಲ್ಲ.

ಇಲ್ಲಿಂದ ಮುಂದಿನ ಹದಿನೈದು ವರ್ಷಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಶೀತಪ್ರದೇಶದ ಸಮಸ್ಯೆ ಬರಿಯ ಮಳೆಯದಲ್ಲ ಎಂಬುದು ತಿಳಿದದ್ದು ಆಗಲೇ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಮಾತ್ರ ಕರಗಿದ ಮಳೆನೀರಿನ ಪಿಎಚ್ ಸುಮಾರು 5.6 ಇರುತ್ತದೆ, ದಕ್ಷಿಣ ನಾರ್ವೆಯಲ್ಲಿ ಅದು 4.3ರ ಆಸುಪಾಸಿನಲ್ಲಿತ್ತು. ಪಿಎಚ್ ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ ಎಂಬುದನ್ನು ನೆನೆದರೆ ಈ ಅಂತರ ಇಪ್ಪತ್ತು ಪಟ್ಟಾಗುತ್ತದೆ. ಆದರೆ ಮಳೆ ಬಿದ್ದ ದಿನವೇ ಹರಿದುಹೋಗುತ್ತದೆ, ಹಿಮ ತಿಂಗಳುಗಟ್ಟಲೆ ನೆಲದ ಮೇಲೆಯೇ ಕೂಡಿಕೊಳ್ಳುತ್ತದೆ. ಮುಂಗಾರಿನ ಮೊದಲ ಮಳೆ ಸೂರಿನ ಮೇಲಿನ ಬೇಸಿಗೆಯ ಧೂಳನ್ನೆಲ್ಲ ಒಮ್ಮೆಲೇ ತೊಳೆದು ತರುವಂತೆ, ವಸಂತದಲ್ಲಿ ಮೊದಲು ಕರಗಿದ ನೀರು ಇಡೀ ಚಳಿಗಾಲದ ಆಮ್ಲದ ಬಹುಪಾಲನ್ನು ಹೊತ್ತು ಬರುತ್ತದೆ. ಹಿಮದ ಹರಳುಗಳು ಬೆಳೆಯುವಾಗ ಕಲ್ಮಶವನ್ನು ತಮ್ಮ ಹೊರಮೈಗೆ ತಳ್ಳುವುದೇ ಇದಕ್ಕೆ ಕಾರಣ. ಕರಗಿದ ಮೊದಲ ಮೂರನೇ ಒಂದು ಭಾಗದ ನೀರಿನಲ್ಲಿಯೇ ಶೇ. 50ರಿಂದ 80ರಷ್ಟು ಕಲ್ಮಶ ಹೊರಬರುತ್ತದೆ ಎಂದು ನಾರ್ವೆಯ ಸಂಶೋಧಕರು 1978ರಲ್ಲಿ ತೋರಿಸಿದರು.

ಅದಕ್ಕೂ ಮೂರು ವರ್ಷ ಮೊದಲು, 1975ರ ವಸಂತದಲ್ಲಿ, ದಕ್ಷಿಣ ನಾರ್ವೆಯ ತೊವ್ಡಾಲ್ ನದಿಯಲ್ಲಿ ಟ್ರೌಟ್ ಮೀನುಗಳು ರಾಶಿಯಾಗಿ ಸತ್ತಿದ್ದವು. ಅವುಗಳ ರಕ್ತದಲ್ಲಿ ಉಪ್ಪಿನ ಅಂಶ ತೀರಾ ಕುಸಿದಿತ್ತು. ಆ ಭಾಗದ ನೆಲ ಗ್ರಾನೈಟ್ ಮತ್ತು ನೈಸ್ ಶಿಲೆಯದು. ಅದರ ಮೇಲಿನ ತೆಳು ಮಣ್ಣಿನಲ್ಲಿ ಆಮ್ಲವನ್ನು ತಣಿಸುವಷ್ಟು ಸುಣ್ಣದ ಅಂಶವಿಲ್ಲ. ಜೊತೆಗೆ ಆಮ್ಲವು ಮಣ್ಣಿನಿಂದ ಬಿಡಿಸಿ ತರುವ ಅಲ್ಯುಮಿನಿಯಂ ಮೀನಿನ ಕಿವಿರುಗಳಿಗೆ ಅಂಟುತ್ತದೆ ಎಂಬುದೂ ಮುಂದೆ ತಿಳಿದುಬಂತು. ವರ್ಷದ ಸರಾಸರಿ ಪಿಎಚ್ ಮಾತ್ರ ನೋಡಿದವರಿಗೆ ಆ ಕೆಲವೇ ದಿನಗಳ ಆಮ್ಲದ ಹೊನಲು ಕಾಣಿಸುವುದೇ ಇಲ್ಲ. ಆದ್ದರಿಂದ ದಿನದ ಮಾದರಿಯನ್ನು ದಿನವೇ ತೆಗೆಯುವುದು, ಕರಗುವ ಮೊದಲೇ ಹಿಮದ ಪದರವನ್ನು ಮೇಲಿನಿಂದ ನೆಲದವರೆಗೆ ಕೊರೆದು ಪರೀಕ್ಷಿಸುವುದು ಅನಿವಾರ್ಯವಾಯಿತು. ಹಿಮ ಹಿಡಿಯುವ ಕೆಲಸವೂ ಸುಲಭದ್ದಲ್ಲ: ಗಾಳಿ ಬೀಸಿದರೆ ಹಗುರವಾದ ಹಿಮ ಸಂಗ್ರಾಹಕದ ಬಾಯಿಗೆ ಬೀಳದೆ ತೇಲಿಹೋಗುತ್ತದೆ.

ಇಷ್ಟಾದರೂ ಸಂದೇಹಗಳು ತೀರಲಿಲ್ಲ. ಭೂಬಳಕೆ ಬದಲಾದುದರಿಂದ, ಹಳೆಯ ಹುಲ್ಲುಗಾವಲುಗಳು ಕಾಡಾಗುತ್ತಿರುವುದರಿಂದ ನೀರು ಹುಳಿಯಾಗುತ್ತಿದೆ ಎಂಬ ವಾದ ಗಟ್ಟಿಯಾಗಿಯೇ ಕೇಳಿಬಂತು. ವಿಜ್ಞಾನದಲ್ಲಿ ಇಂತಹ ಪ್ರಶ್ನೆ ಏಳಲೇಬೇಕು. ಆದರೆ ಹೊಗೆಗೆ ಲಗಾಮು ಹಾಕುವ ತೀರ್ಮಾನವನ್ನು ಪ್ರಶ್ನೆ ಬಗೆಹರಿಯುವವರೆಗೆ ಮುಂದೂಡಿದಷ್ಟೂ ಹೊರೆ ಹೆಚ್ಚಿದ್ದು ಸರೋವರಗಳ ಮೇಲೆ. 1980ರ ದಶಕದಲ್ಲಿ ಗ್ರಿಮ್‌ಸ್ಟಾದ್ ಬಳಿಯ ರಿಸ್ದಾಲ್ಸ್‌ಹೆಯಾದಲ್ಲಿ ಕಾಡಿನ ಪುಟ್ಟ ಜಲಾನಯನವೊಂದಕ್ಕೆ ಪಾರದರ್ಶಕ ಸೂರು ಹೊದಿಸಿ, ಆಮ್ಲ ಮಳೆಯನ್ನು ತಡೆದು, ಅಡಿಯಲ್ಲಿ ಶುದ್ಧ ನೀರನ್ನು ಸಿಂಪಡಿಸಲಾಯಿತು. ಹೊರಹರಿವಿನಲ್ಲಿ ಸಲ್ಫೇಟ್ ಇಳಿಯಿತು. ನೆಲ, ಮರ, ಬಂಡೆ ಎಲ್ಲವೂ ಹಿಂದಿನಂತೆಯೇ ಇದ್ದವು, ಬದಲಾದದ್ದು ಮೇಲಿನಿಂದ ಬೀಳುವ ನೀರು ಮಾತ್ರ.

ಒಪ್ಪಂದಗಳ ಕಥೆಯನ್ನು ಬೇಗ ಹೇಳಬಹುದು. 1977ರಲ್ಲಿ ಇಡೀ ಯುರೋಪಿಗೆ ಒಂದೇ ಮಾಪನ ಕಾರ್ಯಕ್ರಮ ಬಂತು, 1979ರಲ್ಲಿ ಜಿನೀವಾದಲ್ಲಿ ಗಡಿ ದಾಟುವ ವಾಯುಮಾಲಿನ್ಯದ ಒಡಂಬಡಿಕೆಗೆ ಸಹಿ ಬಿತ್ತು, ಮತ್ತು 1980ರ ಮಟ್ಟಕ್ಕಿಂತ ಗಂಧಕವನ್ನು 1993ರೊಳಗೆ ಶೇ. 30ರಷ್ಟು ತಗ್ಗಿಸುವ ಮಾತು 1985ರಲ್ಲಿ ಹೆಲ್ಸಿಂಕಿಯಲ್ಲಿ ಆಯಿತು. ಎಲ್ಲ ದೇಶಗಳೂ ಅದಕ್ಕೆ ಸೇರಲಿಲ್ಲ, ಆದರೂ ಗಂಧಕ ಇಳಿಯಿತು. ಮಳೆಯನ್ನು ಹುಳಿಯಾಗಿಸುವ ಇನ್ನೊಂದು ಅಂಶವಾದ ನೈಟ್ರೇಟ್ ಅಷ್ಟು ವೇಗವಾಗಿ ಇಳಿಯಲಿಲ್ಲ. 1990ರ ದಶಕದ ಕೊನೆಯಲ್ಲಿ ತೊವ್ಡಾಲ್ ಮತ್ತು ಮಾಂಡಾಲ್ ನದಿಗಳಿಗೆ ಸುಣ್ಣ ಹಾಕತೊಡಗಿದ ಮೇಲೆ ಸಾಲ್ಮನ್ ಮರಳಿ ಬಂದಿತು.

ಸಮಸ್ಯೆ ಮುಗಿಯಿತು ಎಂಬ ಭಾವನೆ ಬಂದಾಗ ಮೊದಲು ಕತ್ತರಿ ಬೀಳುವುದು ಇಂತಹ ಮಾಪನ ಕೇಂದ್ರಗಳ ಹಣಕ್ಕೆ. ಆದರೆ ದಶಕಗಳ ಆಮ್ಲ ತೊಳೆದು ಒಯ್ದ ಕ್ಯಾಲ್ಸಿಯಂ ಮಣ್ಣಿಗೆ ಇನ್ನೂ ಮರಳಿಲ್ಲ; ಶಿಲೆ ಸವೆದು ಅದು ಸೇರಬೇಕು, ಅದಕ್ಕೆ ಬಹಳ ಕಾಲ ಬೇಕು. ಚಳಿಗಾಲದ ಬಿರುಗಾಳಿ ಸಮುದ್ರದ ಉಪ್ಪನ್ನು ಒಳನಾಡಿಗೆ ತಂದು ಸುರಿದಾಗ, ಉಪ್ಪಿನ ಸೋಡಿಯಂ ಮಣ್ಣಿನಲ್ಲಿ ಉಳಿದು ಹಳೆಯ ಆಮ್ಲವನ್ನೂ ಅಲ್ಯುಮಿನಿಯಂ ಅನ್ನೂ ಹೊರಕ್ಕೆ ತಳ್ಳುತ್ತದೆ. ಅಂದು ಬಿದ್ದ ಮಳೆ ಹುಳಿಯಾಗಿರದಿದ್ದರೂ ಹೊಳೆಯ ನೀರು ಹುಳಿಯಾಗುತ್ತದೆ. ಹೀಗಾಗಿ ದಕ್ಷಿಣ ತುದಿಯ ಬಿರ್ಕೆನೆಸ್ ಕೇಂದ್ರದಲ್ಲಿ ಗಾಳಿ, ಮಳೆ, ಹಿಮಗಳ ಮಾಪನದ ಜೊತೆಗೆ ಅಲ್ಲಿನ ತೊರೆಯ ನೀರನ್ನೂ ಪರೀಕ್ಷಿಸುತ್ತಾರೆ.